ಎಳ್ಳಮಾವಾಸ್ಯೆ ಬುತ್ತಿಗೆ ಜೋಳದ ಹಿಟ್ಟಿನ ಪ್ಯಾರಲ ಕ್ರಂಬಲ್: ಒವನ್ ಇದ್ದರೂ ಸೈ, ಇಲ್ಲದಿದ್ದರೂ ಸೈ

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೊರಡುವ ಬುತ್ತಿಯಲ್ಲಿ ಏನುಂಟು ಏನಿಲ್ಲ! ಬಜ್ಜಿ, ಸಜ್ಜಿ ರೊಟ್ಟಿ, ಕಡಬು, ಎಣಗಾಯಿ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಹಿಂಡಿ, ಮೊಸರು. ಕಾಣದ್ದು ಹಣ್ಣು ಮಾತ್ರ. ಅದೂ ಕಲಬುರಗಿಯ ಕಣ್ಣಿ ಮಾರ್ಕೆಟ್ಟಿನಲ್ಲಿ ಪ್ಯಾರಲ (ಸೀಬೆ) ಹಣ್ಣು ಬಂಡಿಗಟ್ಟಲೆ ಬಂದು ನಿಂತಿರುವ ಕಾಲದಲ್ಲಿ. ಆ ಹಣ್ಣನ್ನು ಬೆಲ್ಲ, ಲಿಂಬಿರಸದಲ್ಲಿ ಬೇಯಿಸಿ, ಮೇಲೆ ಜೋಳದ ಹಿಟ್ಟು, ಶೇಂಗಾ, ಎಳ್ಳಿನ ಗರಿಗರಿ ಪುಡಿ ಹರವಿ ಬೇಕ್ ಮಾಡುವ ಸಿಹಿ ಇದು. ಕ್ರಂಬಲ್ ಎಂಬ ಹೆಸರು ಇಂಗ್ಲೆಂಡಿನದು, ಸಾಮಾನೆಲ್ಲ ನಮ್ಮ ಅಡುಗೆಮನೆಯದು. ಬೀದರ್ ಕಡೆಯ ಕ್ರೈಸ್ತ ಮನೆಗಳವರು ಕ್ರಿಸ್‌ಮಸ್ ಊಟಕ್ಕೂ ಮಾಡಬಹುದು. ಕಾಲವೂ ಅದೇ, ಹಣ್ಣೂ ಅದೇ.

ಬೇಕಿಂಗ್ ಅಂದಕೂಡಲೇ ಮೈದಾ, ಮೊಟ್ಟೆ, ಕ್ರೀಂ ನೆನಪಾಗುತ್ತವೆ. "ಆರೋಗ್ಯಕ್ಕೆ ಒಳ್ಳೇದು" ಅಂತ ಮೈದಾ ತೆಗೆದು ಜೋಳದ ಹಿಟ್ಟು ಹಾಕಿ ಕೇಕ್ ಮಾಡಲು ಹೊರಟವರಿಗೆ ಪುಡಿಪುಡಿಯಾದ ಇಟ್ಟಿಗೆಯೇ ಗತಿ. ಕಾರಣ ಸರಳ. ಜೋಳದಲ್ಲಿ ಗ್ಲುಟೆನ್ ಇಲ್ಲ. ಗಾಳಿಯನ್ನು ಹಿಡಿದಿಟ್ಟು ಉಬ್ಬುವ ಜಿಗುಟು ಅದಕ್ಕಿಲ್ಲ. ರೊಟ್ಟಿಗೆ ಎಸರು ಹಾಕಿ ನಾದುವುದೂ ಅದಕ್ಕೇ. ಆದರೆ ಕ್ರಂಬಲ್‌ಗೆ ಗ್ಲುಟೆನ್ ಬೇಡವೇ ಬೇಡ. ಮೈದಾದಲ್ಲಿ ಮಾಡುವವರು ಗ್ಲುಟೆನ್ ಎಲ್ಲಿ ಎದ್ದೀತೋ ಎಂದು ನೀರು ತಾಗಿಸದೆ, ಬೆರಳ ತುದಿಯಲ್ಲಷ್ಟೇ ತಿಕ್ಕುತ್ತ ಹೆದರಿ ಹೆದರಿ ಮಾಡುತ್ತಾರೆ. ಜೋಳಕ್ಕೆ ಆ ಪಡಿಪಾಟಲಿಲ್ಲ. ಕೇಕಿನಲ್ಲಿ ಅದರ ಕೊರತೆಯಾಗಿದ್ದದ್ದು ಇಲ್ಲಿ ಅದರ ಗುಣ. ನಮ್ಮ ಭಾಗದ ಮನೆಯಲ್ಲಿ ಯಾರಾದರೂ ಮೊದಲ ಸಲ ಬೇಕಿಂಗ್ ಮಾಡುತ್ತೇನೆಂದರೆ ಕೇಕ್ ಬಿಟ್ಟು ಇದರಿಂದ ಶುರು ಮಾಡಿ ಎನ್ನುತ್ತೇನೆ.

ಮೊದಲು ಹಣ್ಣು

ರುಚಿಯ ಮುಕ್ಕಾಲು ಪಾಲು ಹಣ್ಣಿನ ಆಯ್ಕೆಯಲ್ಲೇ ತೀರ್ಮಾನವಾಗಿಬಿಡುತ್ತದೆ. ಪೂರ್ತಿ ಹಸಿರು ಕಾಯಿ ಬೇಡ, ಬೆಂದ ಮೇಲೂ ಒಗರು ಹೋಗುವುದಿಲ್ಲ. ಮೆತ್ತಗಾಗಿ ಪರಿಮಳ ಬೀದಿಗೆಲ್ಲ ಹಬ್ಬಿದ ಹಣ್ಣೂ ಬೇಡ, ಒಲೆ ಕಂಡಕೂಡಲೇ ಪಾಯಸವಾಗುತ್ತದೆ. ಹಸಿರು ಹಳದಿಗೆ ತಿರುಗುತ್ತಿರಬೇಕು. ಹೆಬ್ಬೆರಳಿನಿಂದ ಒತ್ತಿದರೆ ಒಂದಿಷ್ಟು ಸೋತು ಮತ್ತೆ ಗಟ್ಟಿ ಸಿಗಬೇಕು. ಮಾರುಕಟ್ಟೆಯಲ್ಲಿ ಹೆಸರು ಕೇಳುವುದಾದರೆ ಅಲಹಾಬಾದ್ ಸಫೇದಾ, ಲಖನೌ-49 ಎರಡೂ ಚೆನ್ನ. (ಲಖನೌ-49ರದು ಹೆಸರಷ್ಟೇ ಲಖನೌ, ಆಯ್ದು ಬೆಳೆಸಿದ್ದು ಪುಣೆಯಲ್ಲಿ.) ಒಳಗೆ ಕೆಂಪಗಿರುವ ಹಣ್ಣು ಸಿಕ್ಕರೆ ಬಣ್ಣ ಬಲು ಸೊಗಸು. ತೆಂಗಿನಕಾಯಿ ಗಾತ್ರದ ಥಾಯ್ ಪ್ಯಾರಲ ಮಾತ್ರ ಈ ಕೆಲಸಕ್ಕೆ ಬೇಡ. ಕಡಿಯಲು ಕರುಂ ಎನ್ನುತ್ತದೆ ಅಷ್ಟೇ, ಬೆಂದರೆ ಸಪ್ಪೆ.

ಬೀದರ್‌ನವರು ಸೀತಾಫಲ ಯಾಕಾಗಬಾರದು ಎಂದು ಕೇಳದೆ ಬಿಡುವುದಿಲ್ಲ. ಒಂದು, ಅದರ ಹಂಗಾಮು ದೀಪಾವಳಿ ಆಸುಪಾಸಿಗೇ ಮುಗಿಯುತ್ತದೆ. ಎರಡು, ಸೀತಾಫಲದ ತಿರುಳು ಬಿಸಿ ತಾಗಿದರೆ ಕಹಿಯಾಗುತ್ತದೆ. ಅದನ್ನು ಹಾಗೇ ತಿನ್ನುವುದೇ ಸರಿ. ಸೇಬು ಆಗುತ್ತದೆ, ಗಟ್ಟಿ ಪಪ್ಪಾಯಿಯೂ ಆಗುತ್ತದೆ. ಬಾಳೆ ಬೇಡ, ಬೆಲ್ಲದ ಜೊತೆ ಬೆಂದರೆ ಅತಿ ಸಿಹಿ. ಬಾರಿಹಣ್ಣು ಸಿಕ್ಕರೆ ಬೀಜ ಬಿಡಿಸಿದ ತಿರುಳು ಒಂದು ಹಿಡಿ ಸೇರಿಸಿ, ಹುಳಿ ಚುರುಕಾಗುತ್ತದೆ.

ಸಾಮಾನು, 12 ಮಂದಿಗೆ

ಹಣ್ಣಿನ ಭಾಗಕ್ಕೆ:
- ಪ್ಯಾರಲ ಹಣ್ಣು ಒಂದೂವರೆ ಕೆಜಿ
- ಬೆಲ್ಲದ ಪುಡಿ 60 ಗ್ರಾಂ
- ಲಿಂಬಿರಸ 2 ದೊಡ್ಡ ಚಮಚ
- ಒಣಶುಂಠಿ ಪುಡಿ ಅರ್ಧ ಚಿಕ್ಕ ಚಮಚ, ಏಲಕ್ಕಿ 4
- ಕಾಳುಮೆಣಸಿನ ಪುಡಿ, ಸೈಂಧವ ಉಪ್ಪು ತಲಾ ಒಂದು ಚಿಟಿಕೆ

ಮೇಲಿನ ಪುಡಿಗೆ:
- ಜೋಳದ ಹಿಟ್ಟು 150 ಗ್ರಾಂ
- ಜೋಳದ ಅವಲಕ್ಕಿ 50 ಗ್ರಾಂ (ಸಿಗದಿದ್ದರೆ ಓಟ್ಸ್)
- ಶೇಂಗಾ 60 ಗ್ರಾಂ, ಎಳ್ಳು 25 ಗ್ರಾಂ
- ಬೆಲ್ಲದ ಪುಡಿ 80 ಗ್ರಾಂ
- ಗಟ್ಟಿ ತುಪ್ಪ 80 ಗ್ರಾಂ
- ತಣ್ಣನೆ ಹಾಲು 2–3 ದೊಡ್ಡ ಚಮಚ, ಉಪ್ಪು ಚಿಟಿಕೆ

ಹಿಟ್ಟು ಹೊಸದಾಗಿ ಬೀಸಿಸಿದ್ದಿರಲಿ. ಜೋಳದ ಹಿಟ್ಟು ಹಳತಾದರೆ ಕಹಿ ಬರುತ್ತದೆ; ರೊಟ್ಟಿಯಲ್ಲಿ ಪಲ್ಯದ ಜೊತೆ ಅದು ಮರೆಯಾದೀತು, ಸಿಹಿಯಲ್ಲಿ ನಾಲಿಗೆಗೆ ಥಟ್ಟನೆ ಸಿಗುತ್ತದೆ. ಮನೆಯಲ್ಲಿ ಗೋದಿ ಆಗಿಬರದ, ವೈದ್ಯರು ಗ್ಲುಟೆನ್ ಬಿಡಿ ಎಂದವರು ಯಾರಾದರೂ ಇದ್ದರೆ ಗಿರಣಿಯಲ್ಲಿ ಗೋದಿ ಬೀಸಿದ ಕಲ್ಲಿಗೇ ನಿಮ್ಮ ಜೋಳ ಹಾಕಿಸಬೇಡಿ. ಮನೆಯ ಮಿಕ್ಸಿಯಲ್ಲಿ ಬೀಸಿ ಜರಡಿ ಹಿಡಿದುಕೊಂಡರೂ ಇಷ್ಟು ಹಿಟ್ಟಿಗೆ ಸಾಕು. ಅವರ ಪಾಲಿಗೆ ಓಟ್ಸ್ ಕೂಡ ಬೇಡ, ಅವಲಕ್ಕಿ ಜೋಳದ್ದೇ ಇರಲಿ.

ಬೆಲ್ಲ ಕೊಳ್ಳುವಾಗ ಹಳದಿ ಥಳಥಳಕ್ಕೆ ಮರುಳಾಗಬೇಡಿ. ಆ ಬಣ್ಣ ಬರಲಿ ಎಂದು ಹೈಡ್ರೋಸ್ ಎಂಬ ಬಣ್ಣ ತಿಳಿಗೊಳಿಸುವ ರಾಸಾಯನಿಕ ಹಾಕುವುದುಂಟು. ಬೀದರ್ ಜಿಲ್ಲೆಯಲ್ಲಿ ಕಬ್ಬು ಅರೆಯುವ ಕಾಲವೂ ಇದೇ ಆದ್ದರಿಂದ ಹೊಸ ಕಪ್ಪು ಬೆಲ್ಲ ಸಿಗುವುದು ಕಷ್ಟವಲ್ಲ. ಹೊಸ ಬೆಲ್ಲದಲ್ಲಿ ತೇವ ಹೆಚ್ಚು, ಹೆರೆದ ಮೇಲೆ ಹರಿವಾಣದಲ್ಲಿ ಹರವಿ ಗಂಟೆ ಹೊತ್ತು ಆರಲು ಬಿಡಿ.

ಮೇಲಿನ ಪುಡಿ

ಇಡೀ ತಿನಿಸಿನಲ್ಲಿ ಕೈಚಳಕ ಕೇಳುವುದು ಇದೊಂದೇ, ಹಾಗಾಗಿ ಇಲ್ಲಿ ಅವಸರ ಬೇಡ.

ಮೊದಲು ಹಿಟ್ಟು ಹುರಿಯಬೇಕು. ರೊಟ್ಟಿಯಲ್ಲಿ ಬಿಸಿನೀರು ಹಿಟ್ಟಿನ ಪಿಷ್ಟವನ್ನು ಬೇಯಿಸುತ್ತದೆ. ಕ್ರಂಬಲ್‌ನಲ್ಲಿ ಹಿಟ್ಟನ್ನು ಬೇಯಿಸುವಷ್ಟು ನೀರಿಲ್ಲವಾದ್ದರಿಂದ ಹಸಿ ಹಿಟ್ಟು ಒವನ್ನಿನಲ್ಲಿ ಅರ್ಧ ಗಂಟೆ ಕೂತರೂ ಹಸಿ ವಾಸನೆ ಉಳಿದೇ ಉಳಿಯುತ್ತದೆ. ದಪ್ಪ ತಳದ ಬೋಗುಣಿಯಲ್ಲಿ ಸಣ್ಣ ಉರಿಯಲ್ಲಿ 6–7 ನಿಮಿಷ ಕೈಬಿಡದೆ ಹುರಿಯಿರಿ. ಬಣ್ಣ ಬದಲಾಗುವವರೆಗೆ ಕಾಯಬಾರದು; ಹಂಚಿನ ಮೇಲಿನ ರೊಟ್ಟಿಯ ವಾಸನೆ ಮೂಗಿಗೆ ಬಂದಕೂಡಲೇ ಇಳಿಸಿ, ಹರಿವಾಣಕ್ಕೆ ಸುರಿದು ಪೂರ್ತಿ ತಣಿಸಿ. ಬಿಸಿ ಹಿಟ್ಟಿಗೆ ತುಪ್ಪ ಹಾಕಿದರೆ ಕರಗಿ ಹಿಟ್ಟೆಲ್ಲ ನೆನೆದು ಕೂರುತ್ತದೆ, ಗರಿಗರಿ ಆಸೆ ಬಿಡಬೇಕು.

ಶೇಂಗಾವನ್ನು ಅರೆಬರೆ ಹುರಿಯಿರಿ, ಉಳಿದದ್ದು ಒವನ್ನಿನಲ್ಲಿ ಆಗುತ್ತದೆ. ಸಿಪ್ಪೆ ತಿಕ್ಕಿ ಊದಿ, ಕಲ್ಲಿನಲ್ಲಿ ಒರಟಾಗಿ ಕುಟ್ಟಿ. ಮಿಕ್ಸಿಯಾದರೆ ಎರಡು ಸಲ ಗರ್ ಅನ್ನಿಸಿ ನಿಲ್ಲಿಸಿ, ಎಣ್ಣೆ ಬಿಡಬಾರದು. ಎಳ್ಳನ್ನು ಹುರಿಯಲೇಬೇಡಿ. ಮೇಲ್ಗಡೆ ಇರುವ ಎಳ್ಳಿಗೆ ಬಿಸಿ ನೇರ ತಾಗುತ್ತದೆ, ಮೊದಲೇ ಹುರಿದಿದ್ದರೆ ಕಹಿಯಾಗುತ್ತದೆ.

ತುಪ್ಪ ಹೆಪ್ಪುಗಟ್ಟಿರಬೇಕು. ಬೀದರ್ ಚಳಿಗೆ ಇದೊಂದು ಚಿಂತೆಯೇ ಅಲ್ಲ. ಡಿಸೆಂಬರ್ ಕೊನೆಗೆ ರಾತ್ರಿ ಉಷ್ಣಾಂಶ 10 ಡಿಗ್ರಿ ಆಸುಪಾಸಿಗೆ ಇಳಿಯುವ ಊರಲ್ಲಿ ತುಪ್ಪದ ಡಬ್ಬಿಗೆ ಚಮಚ ಇಳಿಯುವುದೇ ಕಷ್ಟ. ಯಾದಗಿರಿ, ಶಹಾಪುರ ಕಡೆ ಹಗಲಲ್ಲಿ ಮಾಡುವವರು ತುಪ್ಪವನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟುಕೊಳ್ಳಿ.

ತಣಿದ ಹಿಟ್ಟು, ಅವಲಕ್ಕಿ, ಬೆಲ್ಲ, ಉಪ್ಪು ಬೆರೆಸಿ, ತುಪ್ಪವನ್ನು ಚೂರು ಚೂರಾಗಿ ಹಾಕಿ ಬೆರಳ ತುದಿಯಿಂದ ತಿಕ್ಕುತ್ತ ಬನ್ನಿ. ಅಂಗೈ ತಾಗಿಸಬೇಡಿ, ಅಂಗೈ ಬಿಸಿಗೆ ತುಪ್ಪ ಕರಗುತ್ತದೆ. ಎರಡು ಮೂರು ನಿಮಿಷಕ್ಕೆ ಒದ್ದೆ ಉಸುಕಿನಂತಾಗುತ್ತದೆ. ಈಗ ಶೇಂಗಾ, ಎಳ್ಳು ಹಾಕಿ, ತಣ್ಣನೆ ಹಾಲನ್ನು ಚಿಮುಕಿಸಿ. ಬೆಣ್ಣೆಯಾದರೆ ಅದರಲ್ಲೇ ಒಂದಿಷ್ಟು ನೀರಿರುತ್ತದೆ. ತುಪ್ಪದಲ್ಲಿ ಇಲ್ಲ, ಅದಕ್ಕೇ ಹಾಲು. ಒಂದು ಮುಷ್ಟಿ ಹಿಡಿದು ಹಿಚುಕಿ ನೋಡಿ. ಉಂಡಿ ನಿಲ್ಲಬೇಕು, ಹೆಬ್ಬೆರಳಿನಿಂದ ತಟ್ಟಿದರೆ ಪುಡಿಯಾಗದೆ ನಾಲ್ಕಾರು ತುಂಡಾಗಿ ಒಡೆಯಬೇಕು. ನಿಲ್ಲದಿದ್ದರೆ ಇನ್ನೊಂದು ಚಮಚ ಹಾಲು. ಒಡೆಯದೆ ಮೆತ್ತಿಕೊಂಡರೆ ಒಂದು ಹಿಡಿ ಹುರಿದ ಹಿಟ್ಟು. ಹೀಗೆ ಹಿಚುಕಿ ಹಿಚುಕಿ ಅವರೆಕಾಳಿನಿಂದ ಗೋಲಿಯವರೆಗಿನ ಬೇರೆ ಬೇರೆ ಗಾತ್ರದ ತುಂಡು ಮಾಡಿ, ಮುಚ್ಚಿ ತಣ್ಣಗಿಡಿ. ಎಲ್ಲ ಒಂದೇ ಗಾತ್ರವಾದರೆ ಬಾಯಿಗೆ ರವೆ ತಿಂದಂತಾಗುತ್ತದೆ.

ಹಣ್ಣು ಹದ ಮಾಡುವುದು

ಹಣ್ಣು ತೊಳೆದು, ಎರಡೂ ತುದಿ ತೆಗೆದು, ನಾಲ್ಕು ಹೋಳು ಮಾಡಿ. ಸಿಪ್ಪೆ ಇರಲಿ. ನಡುವಿನ ಬೀಜದ ತಿರುಳನ್ನು ಚಮಚದಿಂದ ಕೆರೆದು ಬೇರೆ ಪಾತ್ರೆಗೆ ಹಾಕಿ. ಚೆಲ್ಲಬೇಡಿ, ಕೆಲಸ ಮಾಡುವುದು ಅದೇ.

ಬೀಜದ ತಿರುಳಿಗೆ ಒಂದು ಲೋಟ ನೀರು ಹಾಕಿ ಹತ್ತು ನಿಮಿಷ ಕುದಿಸಿ, ಸೌಟಿನಿಂದ ಹಿಸುಕುತ್ತ ಜರಡಿಯಲ್ಲಿ ಸೋಸಿ. ಬೀಜ ಮೇಲೆ ಉಳಿಯುತ್ತದೆ, ಕೆಳಗೆ ದಪ್ಪನೆ ರಸ ಇಳಿಯುತ್ತದೆ. ಪ್ಯಾರಲದಲ್ಲಿ ಪೆಕ್ಟಿನ್ ಧಾರಾಳ. ಜೆಲ್ಲಿ ಗಟ್ಟಿಯಾಗುವುದು ಅದರಿಂದಲೇ. ಬೆಲ್ಲ ಮತ್ತು ಹುಳಿ ಸೇರಿದರೆ ಅದು ತಾನಾಗಿ ಬಿಗಿಯುತ್ತದೆ. ಹೀಗಾಗಿ ಕಾರ್ನ್‌ಫ್ಲೋರ್ ಡಬ್ಬಿಗೆ ಕೈ ಹಾಕುವ ಪ್ರಮೇಯವಿಲ್ಲ. ಅಜ್ಜ ಅಜ್ಜಿಯರ ಹಲ್ಲಿನ ಸಂದಿಗೆ ಬೀಜ ಸಿಕ್ಕುವ ತಾಪತ್ರಯವೂ ತಪ್ಪಿತು.

ಹೋಳುಗಳನ್ನು ಬೆರಳಿನ ದಪ್ಪಕ್ಕೆ ಹೆಚ್ಚಿ, ಸೋಸಿದ ರಸ, ಬೆಲ್ಲ, ಲಿಂಬಿರಸ ಹಾಕಿ ಸ್ಟೀಲ್ ಪಾತ್ರೆಯಲ್ಲಿ ಬೇಯಿಸಿ. ಕಬ್ಬಿಣದ ಬಾಣಲೆ ಬೇಡ, ಪ್ಯಾರಲದ ಒಗರಿಗೆ ಕಪ್ಪಾಗುತ್ತದೆ. ಎಂಟು ಹತ್ತು ನಿಮಿಷ ಸಾಕು. ಹೋಳಿಗೆ ಚಾಕು ಸಲೀಸಾಗಿ ಇಳಿಯಬೇಕು, ಆದರೆ ಅಂಚು ಕರಗಿರಬಾರದು. ರಸ ಚಮಚದ ಹಿಂಬದಿಗೆ ಅಂಟಿ ನಿಲ್ಲುವಷ್ಟು ಮಂದವಾದಾಗ ಇಳಿಸಿ ಶುಂಠಿ, ಏಲಕ್ಕಿ, ಮೆಣಸು, ಸೈಂಧವ ಉಪ್ಪು ಬೆರೆಸಿ. ಸಿಹಿಗೆ ಮೆಣಸೇ ಎಂದು ಮೂಗು ಮುರಿಯುವವರು ಶಾಲೆ ಗೇಟಿನ ಬಳಿ ಉಪ್ಪು ಖಾರ ಹಚ್ಚಿದ ಪ್ಯಾರಲ ತಿಂದದ್ದನ್ನು ನೆನೆಸಿಕೊಳ್ಳಲಿ. ದಾಲ್ಚಿನ್ನಿ ಸೇಬಿಗೆ ಇರಲಿ, ಪ್ಯಾರಲದ ಪರಿಮಳವನ್ನು ಅದು ನುಂಗಿಹಾಕುತ್ತದೆ.

ಬೇಕ್ ಮಾಡುವುದು

ಒಟಿಜಿ (ಮನೆಬಳಕೆಯ ಚಿಕ್ಕ ವಿದ್ಯುತ್ ಒವನ್) ಇದ್ದವರು 180 ಡಿಗ್ರಿಗೆ ಹತ್ತು ನಿಮಿಷ ಕಾಯಿಸಿಕೊಳ್ಳಿ. 9 ಅಂಗುಲದ ಚೌಕ ಗಾಜಿನ ಇಲ್ಲವೆ ಸ್ಟೀಲ್ ತಟ್ಟೆಗೆ ಹಣ್ಣು ಹರವಿ, ಮೇಲೆ ಅರ್ಧ ಪುಡಿ ಉದುರಿಸಿ. ಒತ್ತಬೇಡಿ; ಸಂದಿಯಲ್ಲಿ ಹಬೆ ಹೊರಬರಬೇಕು. ಉಳಿದರ್ಧವನ್ನು ಬೇರೆ ತಟ್ಟೆಯಲ್ಲಿ ತೆಳ್ಳಗೆ ಹರವಿ ಮೇಲಿನ ಕಂಬಿಯಲ್ಲಿಡಿ. ಅದು 15–18 ನಿಮಿಷಕ್ಕೇ ಆಗುತ್ತದೆ, ನಡುವೆ ಒಮ್ಮೆ ಕೈಯಾಡಿಸಿ. ಹಣ್ಣಿನ ತಟ್ಟೆಗೆ 35 ನಿಮಿಷ ಬೇಕು. ಗಡಿಯಾರಕ್ಕಿಂತ ಅಂಚು ನೋಡಿ: ರಸ ಪುಡಿಯ ನಡುವೆ ಮೇಲೆದ್ದು ಬುಳಬುಳ ಎನ್ನುತ್ತಿದ್ದರೆ ಆಯಿತು. ಬೆಲ್ಲ ಸಕ್ಕರೆಗಿಂತ ಬೇಗ ಕಪ್ಪಾಗುತ್ತದೆ, ಅರ್ಧದಲ್ಲೇ ಬಣ್ಣ ಏರಿದರೆ ಮೇಲೆ ಫಾಯಿಲ್ ಮುಚ್ಚಿ. ಒವನ್ನಿನಿಂದ ಬಂದಾಗ ಪುಡಿ ಮೆತ್ತಗೇ ಇರುತ್ತದೆ. ಗರಿಗರಿಯಾಗುವುದು ಆರಿದ ಮೇಲೆ.

ಒವನ್ ಇಲ್ಲದ ಮನೆಯವರು ಹಳೆಯ ಕುಕ್ಕರ್ ತಳಕ್ಕೆ ಎರಡು ಬೆರಳು ಉಪ್ಪು ಹಾಕಿ, ಸಿಂಬಿಯೋ ಸ್ಟ್ಯಾಂಡೋ ಇಟ್ಟು, ಗ್ಯಾಸ್ಕೆಟ್ ಮತ್ತು ಸೀಟಿ ತೆಗೆದು ಮುಚ್ಚಳ ಹಾಕಿ ನಡು ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಹೊಸ ಕುಕ್ಕರ್ ಹಾಳು ಮಾಡಿಕೊಳ್ಳಬೇಡಿ, ನೀರಿಲ್ಲದೆ ಕಾದರೆ ಅದರ ಆಯುಷ್ಯ ಹೋಗುತ್ತದೆ. ಚಿಕ್ಕ ತಟ್ಟೆಯಲ್ಲಿ ಹಣ್ಣು ಇಟ್ಟು ಸಣ್ಣ ಉರಿಯಲ್ಲಿ 40–45 ನಿಮಿಷ ಬಿಡಿ. ಇಲ್ಲಿ ಬಿಸಿ ಕೆಳಗಿನಿಂದ ಬರುವುದರಿಂದ ಮೇಲೆ ಬಣ್ಣ ಬರುವುದಿಲ್ಲ. ಅದಕ್ಕೇ ಪುಡಿಯನ್ನು ಅದರಲ್ಲಿ ಹಾಕಲೇಬೇಡಿ. ದಪ್ಪ ಹಂಚಿನ ಮೇಲೆ ಸಣ್ಣ ಉರಿಯಲ್ಲಿ 12 ನಿಮಿಷ ಬೇರೆಯಾಗಿ ಹುರಿದು ತಿನ್ನುವಾಗ ಉದುರಿಸಿ. ನಿಜ ಹೇಳಬೇಕೆಂದರೆ ರುಚಿಯಲ್ಲಿ ದೊಡ್ಡ ಅಂತರವಿಲ್ಲ.

ಮೂರನೆಯ ದಾರಿಯೂ ಉಂಟು. ಹಬ್ಬದ ಮುಂಚೆ ಓಣಿಯ ಬೇಕರಿಗೆ ನಾನ್‌ಖಟಾಯಿ ಹಿಟ್ಟು ಒಯ್ದು ಭಟ್ಟಿಯಲ್ಲಿ ಸುಡಿಸಿಕೊಂಡು ಬರುವ ರೂಢಿ ಇರುವವರು ಈ ತಟ್ಟೆಯನ್ನೂ ಒಯ್ಯಬಹುದು. ಬ್ರೆಡ್ ತೆಗೆದ ಮೇಲಿನ ಇಳಿಬಿಸಿಗೆ ಇಡಲು ಹೇಳಿ. ಭಟ್ಟಿ ಪೂರ್ತಿ ಕಾದಾಗ ಇಟ್ಟರೆ ಬೆಲ್ಲ ಐದೇ ನಿಮಿಷಕ್ಕೆ ಸುಟ್ಟು ಕರಕಲು.

ಯಾವಾಗ ಮಾಡುವುದು, ಹೇಗೆ ಒಯ್ಯುವುದು

ಹಬ್ಬದ ಬೆಳಗಿನ ಒಲೆ ಬಜ್ಜಿಯದು, ರೊಟ್ಟಿಯದು. ನಸುಕಿನಲ್ಲೇ ಎದ್ದು ರೊಟ್ಟಿ ಬಡಿಯುವವರ ತಲೆಗೆ ಇದನ್ನೂ ಕಟ್ಟಬೇಡಿ. ಹಿಂದಿನ ದಿನ ಸಂಜೆಗೆ ಮುಗಿಸಿ. ಬೆಂಗಳೂರು, ಹೈದರಾಬಾದ್, ಪುಣೆಯಿಂದ ಹಬ್ಬಕ್ಕೆ ಬಂದು ಮೊಬೈಲ್ ಹಿಡಿದು ಕೂತ ಮಕ್ಕಳಿಗೆ ಹೇಳಿಮಾಡಿಸಿದ ಕೆಲಸ: ಒಬ್ಬರಿಗೆ ಬೀಜ ಕೆರೆಯಲು ಕೊಡಿ, ಒಬ್ಬರಿಗೆ ಹಿಟ್ಟು ತಿಕ್ಕಲು.

ಬಿಸಿಯಿರುವಾಗ ಮುಚ್ಚಿದರೆ ಹಬೆ ನೀರಾಗಿ ಪುಡಿಯ ಮೇಲೆ ಬಿದ್ದು ಎಲ್ಲ ಮೆತ್ತಗಾಗುತ್ತದೆ. ಗಂಟೆ ಹೊತ್ತು ತೆರೆದಿಟ್ಟು ಆರಿಸಿ, ಆಮೇಲೆ ಬಟ್ಟೆ ಮುಚ್ಚಿ. ಬೇರೆ ಹುರಿದ ಪುಡಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಪ್ರತ್ಯೇಕ ಹೋಗಲಿ. ಹೊಲದಲ್ಲಿ ಬಡಿಸುವಾಗ ಮೇಲೆ ಒಂದೊಂದು ಹಿಡಿ ಉದುರಿಸಿದರೆ ಆಗಷ್ಟೇ ಮಾಡಿ ಆರಿಸಿದಷ್ಟು ಗರಿಗರಿ. ಅರ್ಧ ಪುಡಿಯನ್ನು ಬೇರೆ ಇಡಿಸಿದ್ದು ಇದಕ್ಕೇ. ಡಿಸೆಂಬರ್ ಚಳಿಗೆ ಒಂದು ರಾತ್ರಿ ಹೊರಗಿದ್ದರೆ ಏನೂ ಆಗದು. ಅಲ್ಯೂಮಿನಿಯಂ ತಟ್ಟೆಯಲ್ಲಿ ಮಾತ್ರ ರಾತ್ರಿಯಿಡೀ ಬಿಡಬೇಡಿ, ಹುಳಿ ಅದನ್ನು ತಿನ್ನುತ್ತದೆ.

ಹೊಲದಲ್ಲಿ ಚರಗ (ಭೂತಾಯಿಗೆ ಅರ್ಪಿಸುವ ನೈವೇದ್ಯ) ಚೆಲ್ಲಿ ಬಂದು ಊಟಕ್ಕೆ ಕೂತಾಗ ಇದನ್ನು ಕೊನೆಗೆ ಕೊಡಿ, ಕಟ್ಟಿದ ಮೊಸರಿನ ಜೊತೆ. ಹಾಲು ಬೇಡ, ಲಿಂಬಿ ಮತ್ತು ಪ್ಯಾರಲದ ಹುಳಿಗೆ ಒಡೆಯುತ್ತದೆ. ದಾಳಿಂಬೆ ಕಾಳು, ಸಣ್ಣಗೆ ಹೆಚ್ಚಿದ ಹಸಿ ಪ್ಯಾರಲ ಮೇಲೆ ಬಿದ್ದರೆ ಇನ್ನೂ ಒಳ್ಳೆಯದು. 100 ಗ್ರಾಂ ಪ್ಯಾರಲದಲ್ಲಿ 200 ಮಿಲಿಗ್ರಾಂಗೂ ಹೆಚ್ಚು ವಿಟಮಿನ್ ಸಿ ಇದೆ, ಆದರೆ ಅದು ಬಿಸಿಗೆ ಒಂದಿಷ್ಟು ಹೋಗುತ್ತದೆ. ಹಸಿ ಹೋಳು ಆ ನಷ್ಟ ತುಂಬುತ್ತದೆ.

ಸಕ್ಕರೆ ಕಾಯಿಲೆ ಇದ್ದವರ ವಿಷಯ

"ಬೆಲ್ಲ ತಾನೇ, ಏನೂ ಆಗಲ್ಲ" ಎಂಬ ಮಾತು ಪ್ರತಿ ಹಬ್ಬಕ್ಕೂ ಕೇಳಿಬರುತ್ತದೆ. ಆಗುತ್ತದೆ. ಬೆಲ್ಲದಲ್ಲಿ ಇರುವುದೂ ಬಹುಪಾಲು ಸುಕ್ರೋಸ್ಸೇ, ರಕ್ತಕ್ಕೆ ಅದು ಸಕ್ಕರೆಯೇ. ಇಲ್ಲಿನ ಅನುಕೂಲ ಇರುವುದು ಬೆಲ್ಲದ ಅಳತೆಯಲ್ಲಿ: ಒಟ್ಟು 140 ಗ್ರಾಂ, 12 ಪಾಲು, ಅಂದರೆ ಒಬ್ಬರಿಗೆ 12 ಗ್ರಾಂಗಿಂತ ಕಡಿಮೆ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಸೇರಿಸಿದ ಸಕ್ಕರೆ 50 ಗ್ರಾಂ ಮೀರದಿರಲಿ, 25ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜೊತೆಗೆ ಜೋಳದ ನಾರು, ಸಿಪ್ಪೆ ಸಮೇತದ ಹಣ್ಣಿನ ನಾರು ಸಕ್ಕರೆ ಏರುವ ವೇಗವನ್ನು ತಗ್ಗಿಸುತ್ತವೆ. ಹಾಗಂತ ಎರಡು ಹೋಳಿಗೆ ಉಂಡ ಮೇಲೆ ಇದನ್ನೂ ತಿಂದರೆ ಲೆಕ್ಕ ಉಲ್ಟಾ. ಮಧುಮೇಹ ಇರುವವರು ಹೋಳಿಗೆಯೋ ಇದೋ, ಒಂದನ್ನು ಆರಿಸಿಕೊಳ್ಳಲಿ. ಅವರಿಗಾಗಿ ಹಣ್ಣಿನ ಬೆಲ್ಲ ಪೂರ್ತಿ ಬಿಟ್ಟು ಒಂದು ಚಿಕ್ಕ ಬಟ್ಟಲು ಬೇರೆಯಾಗಿ ಮಾಡಬಹುದು. ಚೆನ್ನಾಗಿ ಮಾಗಿದ ಹಣ್ಣು ಹಾಕಿದರೆ ಸಪ್ಪೆ ಎನಿಸದು. ರಸ ಅಷ್ಟು ಬಿಗಿಯುವುದಿಲ್ಲ, ಅಷ್ಟೇ. ಶೇಂಗಾ ಆಗಿಬರದವರು ಇದ್ದರೆ ಶೇಂಗಾ ಬಿಟ್ಟು ಹುರಿದ ಪುಟಾಣಿಯನ್ನು ಒರಟಾಗಿ ಪುಡಿ ಮಾಡಿ ಹಾಕಿ, ತುಪ್ಪ ಒಂದು ಚಮಚ ಹೆಚ್ಚಿಸಿ.

ಮಿಕ್ಕ ಹಣ್ಣು ಫ್ರಿಜ್‌ನಲ್ಲಿ ಮೂರು ದಿನ ತಡೆಯುತ್ತದೆ, ಪುಡಿ ಹೊರಗೇ ವಾರ ತಡೆಯುತ್ತದೆ. ಪುಡಿ ಮೆತ್ತಗಾಯಿತೆಂದರೆ ಹಂಚಿನ ಮೇಲೆ ಐದು ನಿಮಿಷ ಬಿಸಿ ಮಾಡಿ ಆರಿಸಿ, ಮತ್ತೆ ಗರಿಗರಿ. ಹಣ್ಣೆಲ್ಲ ಮುಗಿದು ಪುಡಿ ಉಳಿದಿದ್ದರೆ ಬೆಳಗ್ಗೆ ಬಟ್ಟಲು ಮೊಸರಿಗೆ ಎರಡು ಚಮಚ ಹಾಕಿಕೊಂಡು ತಿನ್ನಿ.